ಕಿಟಕಿಯಲ್ಲಿ ಎರಡು ಬೆರಳು

ಆಪರೇಷನ್ ಆಗಿ ಮೂರು ತಿಂಗಳ ಮೇಲೆ ನಾನು ಕೆಲಸಕ್ಕೆ ಮರಳಿದ ದಿನ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಎಷ್ಟು ಇಳೀತು? ಗೇಟಿನ ಕಾವಲಿನವನು ಕೇಳಿದ. ತರಕಾರಿ ಹೆಚ್ಚುವ ಇಬ್ಬರು ಹೆಂಗಸರು ಒಟ್ಟಿಗೇ ಕೇಳಿದರು. ಮ್ಯಾನೇಜರು ಕುರ್ಚಿಯಿಂದ ಅರ್ಧ ಎದ್ದು ಕೇಳಿದರು. ಮೂವತ್ತೊಂದು ಕಿಲೋ ಎಂದು ಹೇಳಿ ಹೇಳಿ ನನ್ನ ಬಾಯಿ ನೋಯಿತು. ಒಂದು ಮೂಟೆ ಅಕ್ಕಿಯನ್ನು ದಾರಿಯಲ್ಲಿ ಎಲ್ಲೋ ಇಳಿಸಿ ಬಂದಿದ್ದೇನೋ ಎಂಬಂತೆ ಎಲ್ಲರೂ ನನ್ನ ಹಿಂದೆ ಮುಂದೆ ನೋಡುತ್ತಿದ್ದರು.

ಅದು ಬೀಗ ಮಾಡುವ ಕಾರ್ಖಾನೆ. ಮುನ್ನೂರು ಜನ ಮಧ್ಯಾಹ್ನ ಹನ್ನೆರಡೂವರೆಗೆ ಕ್ಯಾಂಟೀನಿಗೆ ನುಗ್ಗುತ್ತಾರೆ. ಹತ್ತೊಂಬತ್ತು ವರ್ಷದಿಂದ ಆ ಮುನ್ನೂರು ಹೊಟ್ಟೆಗಳನ್ನು ನೋಡಿಕೊಳ್ಳುತ್ತಿರುವವಳು ನಾನು. ಎಲ್ಲರೂ ನನ್ನನ್ನು ದೊಡ್ಡಮ್ಮ ಎಂದೇ ಕರೆಯುವುದು. ಅದರಲ್ಲಿ ಎಷ್ಟು ಪಾಲು ಪ್ರೀತಿ, ಎಷ್ಟು ಪಾಲು ನನ್ನ ಗಾತ್ರ ಎಂದು ನಾನು ಯಾವತ್ತೂ ಲೆಕ್ಕ ಹಾಕಲು ಹೋಗಲಿಲ್ಲ. ನೂರಾ ಇಪ್ಪತ್ತೆಂಟು ಕಿಲೋ ಇದ್ದೆ. ಮಂಡಿಗಳು ದಿನಕ್ಕೆಂಟು ಗಂಟೆ ನನ್ನನ್ನು ಹೊತ್ತು ನಿಂತು, ಕೊನೆಗೆ ಇನ್ನಾಗದು ಎಂದು ಕೈಯೆತ್ತಿದವು. ಡಾಕ್ಟರು ಹೊಟ್ಟೆಯ ಮುಕ್ಕಾಲು ಭಾಗ ಕತ್ತರಿಸಿ ತೆಗೆದು, ಬಾಳೆಹಣ್ಣಿನಷ್ಟು ದಪ್ಪದ ಒಂದು ಕೊಳವೆಯನ್ನು ಉಳಿಸಿದರು.

ನಾನಿಲ್ಲದ ಮೂರು ತಿಂಗಳು ಹೊರಗಿನಿಂದ ಒಬ್ಬ ಬದಲಿ ಅಡುಗೆಯವನು ಬಂದಿದ್ದ. ಎಲ್ಲವನ್ನೂ ತಕ್ಕಡಿಯಲ್ಲಿ ತೂಗಿ ಹಾಕುತ್ತಿದ್ದನಂತೆ. ಅವನನ್ನು ಪೂರ್ತಿ ಕಳಿಸಿಲ್ಲ, ಬೇಕಾದರೆ ಕರೆಸಬಹುದು ಎಂದು ಮ್ಯಾನೇಜರು ತಿಳಿಸಿದರು. ಅವರ ಮಾತು ಯಾವಾಗಲೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ನಿಂತು ಕೆಲಸ ಮಾಡಲು ಆಗುತ್ತದೋ ಇಲ್ಲವೋ, ಮೊದಲಿನ ಹಾಗೆ ಕೈ ಕುದುರುತ್ತದೋ ಇಲ್ಲವೋ, ಒಂದು ತಿಂಗಳು ನೋಡೋಣ ಎಂದರು. ಅಂದರೆ ಆ ಒಂದು ತಿಂಗಳು ನನಗೆ ಪರೀಕ್ಷೆ. ಫೇಲಾದರೆ ಮನೆ.

ಮನೆ ಎಂದರೆ ತಮ್ಮನ ಮನೆ. ಅಲ್ಲಿ ನನಗೊಂದು ಕೋಣೆ ಇದೆ, ಕೋಣೆಗೊಂದು ಕಿಟಕಿ ಇದೆ. ತಮ್ಮನ ಹೆಂಡತಿ ಒಳ್ಳೆಯವಳು, ಅದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಆಸ್ಪತ್ರೆಯಿಂದ ಬಂದಾಗ ಅಲ್ಲಿ ಪಥ್ಯ ಹೇಳಿಕೊಡುವ ಹುಡುಗಿ ಬರೆದುಕೊಟ್ಟ ಹಾಳೆಯನ್ನು ಅವಳೇ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಎರಡು ವಾರ ಬರೀ ನೀರಾದ ಪದಾರ್ಥ, ಆಮೇಲೆ ನುಣ್ಣಗೆ ರುಬ್ಬಿದ್ದು, ಆಮೇಲೆ ಮೆತ್ತಗಿನದು. ಒಂದೊಂದು ತುತ್ತನ್ನೂ ಮೂವತ್ತು ಸಲ ಅಗಿಯಬೇಕು. ಒಂದು ಊಟಕ್ಕೆ ಅರ್ಧ ಗಂಟೆ. ಊಟಕ್ಕೆ ಮುಂಚೆ ಅರ್ಧ ಗಂಟೆ, ಆದ ಮೇಲೆ ಅರ್ಧ ಗಂಟೆ ನೀರು ಮುಟ್ಟುವ ಹಾಗಿಲ್ಲ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ. ಪಥ್ಯದ ಹುಡುಗಿ ಆ ಗಾದೆಯನ್ನು ಕೇಳಿರಲಿಲ್ಲ.

ಮೊದಲ ವಾರ ನಾನು ಎಲ್ಲರ ಜೊತೆ ಮೇಜಿನಲ್ಲೇ ಕೂತೆ. ನನ್ನ ಮುಂದೆ ಮಗುವಿನ ಬಟ್ಟಲು, ಮಗುವಿನ ಚಮಚ. ನನ್ನ ನಾಲ್ಕು ಚಮಚ ಮುಗಿಯುವ ಹೊತ್ತಿಗೆ ಅವರೆಲ್ಲ ಕೈ ತೊಳೆದು ಬಂದು ಮತ್ತೆ ಕೂತು ನನ್ನನ್ನೇ ನೋಡುತ್ತಿದ್ದರು. ತಮ್ಮ ಎರಡನೇ ಸಲ ಬಡಿಸಿಕೊಳ್ಳುವಾಗ ಕಳ್ಳನ ಹಾಗೆ ಕೈ ಚಾಚುತ್ತಿದ್ದ. ಒಂದು ದಿನ ಅವನ ಹೆಂಡತಿ ಮೆಲ್ಲಗೆ ಹೇಳಿದಳು, "ಅಕ್ಕಾ, ನಿಮ್ಮ ಮುಂದೆ ತಿನ್ನೋಕೆ ನಮಗೇ ಒಂಥರಾ ಆಗುತ್ತೆ. ನೀವು ಮುಂಚೇನೇ ಊಟ ಮಾಡ್ಕೊಂಡ್ಬಿಡ್ತೀರಾ?" ಆಗಲಿ ಎಂದೆ. ಅಂದಿನಿಂದ ಬಟ್ಟಲು ನನ್ನ ಕೋಣೆಗೇ ಬಂತು. ಬಾಗಿಲಾಚೆ ಅವರ ಪಾತ್ರೆ, ನಗು, ಇನ್ನೊಂದು ಸ್ವಲ್ಪ ಹಾಕು ಎಂಬ ಮಾತು ಕೇಳಿಸುತ್ತಿತ್ತು. ನಾನು ಕಿಟಕಿಯ ಕಡೆ ಮುಖ ಮಾಡಿ ಎಣಿಸುತ್ತಿದ್ದೆ. ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು, ನುಂಗು.

ಊಟ ಹೋದದ್ದಕ್ಕೆ ನಾನು ಅಷ್ಟು ಅಳಲಿಲ್ಲ. ನೀರಿಗೆ ಅತ್ತೆ. ಒಲೆಯ ಮುಂದೆ ಬೆವರಿ ಬಂದು ಒಂದು ತಂಬಿಗೆ ನೀರನ್ನು ಕತ್ತೆತ್ತಿ ಗಟಗಟ ಕುಡಿಯುವ ಸುಖ ಇದೆಯಲ್ಲ, ಅದು ಹೋಯಿತು. ಈಗ ಬಾಟಲಿಯ ಮುಚ್ಚಳಕ್ಕೆ ಬಗ್ಗಿಸಿಕೊಂಡು ಒಂದೊಂದೇ ಗುಟುಕು. ಒಂದು ಸಲ ತಡೆಯಲಾರದೆ ಎರಡು ಗುಟುಕು ಒಟ್ಟಿಗೆ ಎಳೆದೆ. ಎದೆಯ ನಡುವೆ ಕಲ್ಲು ಕೂತಂತಾಗಿ, ಬಾಯಿ ತುಂಬ ನೊರೆ ಬಂದು, ಬಚ್ಚಲಿನ ಗೋಡೆ ಹಿಡಿದು ಕಾಲು ಗಂಟೆ ನಿಂತಿದ್ದೆ. ತಲೆಗೂದಲು ಹಿಡಿಹಿಡಿಯಾಗಿ ಬಾಚಣಿಗೆಗೆ ಬರತೊಡಗಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಜನ ಆಡಿಕೊಳ್ಳುತ್ತಾರೆ. ನನಗೆ ಹಿಟ್ಟಿನ ಜೊತೆ ಜುಟ್ಟೂ ಹೋಗುವ ಹಾಗಿತ್ತು.

ಇಷ್ಟೆಲ್ಲದರ ನಡುವೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಕ್ಯಾಂಟೀನಿನ ಮೂರು ದೊಡ್ಡ ಹಂಡೆಗಳ ನೆನಪು. ಹೊಟ್ಟೆ ಕತ್ತರಿಸಿದರು, ನಾಲಿಗೆಗೆ ಯಾರೂ ಕತ್ತರಿ ಹಾಕಿಲ್ಲವಲ್ಲ ಎಂದುಕೊಳ್ಳುತ್ತಿದ್ದೆ. ನಾನು ತಕ್ಕಡಿ ಮುಟ್ಟಿದವಳಲ್ಲ, ಚಮಚದ ಲೆಕ್ಕ ಇಟ್ಟವಳಲ್ಲ. ಸೌಟಿನಿಂದ ಎಡ ಅಂಗೈಗೆ ನಾಲ್ಕು ಹನಿ ಬಿಟ್ಟುಕೊಂಡು ನೆಕ್ಕಿದರೆ ಸಾಕು, ಮುನ್ನೂರು ಜನರ ಸೂಪಿಗೆ ಇನ್ನೆಷ್ಟು ಹಿಡಿ ಉಪ್ಪು ಬೇಕು ಎಂದು ಗೊತ್ತಾಗುತ್ತಿತ್ತು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎನ್ನುತ್ತಾರೆ. ತಾಯಿ ತೀರಿಹೋಗಿ ವರ್ಷಗಳಾದವು. ಉಪ್ಪು ಕೈಬಿಡುವುದಿಲ್ಲ ಎಂಬ ಧೈರ್ಯ ನನಗಿತ್ತು.

ಆ ಅಡುಗೆಮನೆಯಲ್ಲಿ ಒಂದು ಕಟ್ಟುನಿಟ್ಟು ಇತ್ತು. ನನ್ನ ಹಂಡೆಗೆ ನನ್ನ ನಾಲಿಗೆ ಒಂದೇ. ಬೇರೆ ಯಾರೂ ರುಚಿ ನೋಡಬಾರದು, ನನ್ನ ಸೌಟು ಮುಟ್ಟಬಾರದು. ಇದನ್ನು ಒಮ್ಮೆ ಮೀರಿದವಳು ಸಣ್ಣಿ. ಅವಳು ಪಾತ್ರೆ ತೊಳೆಯುವವಳು. ಕಡ್ಡಿಯ ಹಾಗೆ ಇದ್ದುದರಿಂದ ಆ ಹೆಸರು. ಹನ್ನೊಂದು ವರ್ಷದ ಹಿಂದೆ, ಸೇರಿದ ಮೊದಲ ವಾರ, ಸೂಪು ಕಡಿಮೆ ಖಾರ ಇದೆಯೇನೋ ಎಂದು ಹಂಡೆಗೆ ಬೆರಳು ಅದ್ದಿದಳು. ನಾನು ಸೌಟಿನಿಂದ ಅವಳ ಮಣಿಕಟ್ಟಿಗೆ ಒಂದು ಕೊಟ್ಟೆ. ಹಿಂದಿನ ಬಾಗಿಲಿನ ನಲ್ಲಿಯ ಹತ್ತಿರ ಹೋಗಿ ಕೂತವಳು ಆ ಹನ್ನೊಂದು ವರ್ಷವೂ ಅಲ್ಲೇ ಇದ್ದಳು. ಎಲ್ಲರದೂ ಮುಗಿದ ಮೇಲೆ ಅಲ್ಲೇ ಒಂದು ಮರದ ಪೆಟ್ಟಿಗೆಯ ಮೇಲೆ ಕೂತು ಉಣ್ಣುತ್ತಿದ್ದಳು. ಅವಳಿಗೆ ಹಲ್ಲು ಅರ್ಧಕ್ಕರ್ಧ ಇರಲಿಲ್ಲ. ಒಂದು ಬಟ್ಟಲು ಅನ್ನ ಮುಗಿಸಲು ಅರ್ಧ ಗಂಟೆ ಹಿಡಿಯುತ್ತಿತ್ತು. ಏನು ಹಸುವಿನ ಹಾಗೆ ಮೆಲುಕು ಹಾಕ್ತೀಯ ಎಂದು ನಾನು ಎಷ್ಟು ಸಲ ಬೈದಿದ್ದೇನೋ ಗೊತ್ತಿಲ್ಲ.

ಮರಳಿದ ಮೊದಲ ದಿನ ಅಂಗೈ ನೆಕ್ಕಿದಾಗ ಎಲ್ಲ ಸರಿಯಾಗಿದೆ ಅನ್ನಿಸಿತು. ಸ್ವಲ್ಪ ಉಪ್ಪಿಗೇ ನಾಲಿಗೆ ಚುರುಗುಟ್ಟಿತು. ಮೂರು ತಿಂಗಳು ಸಪ್ಪೆ ತಿಂದ ನಾಲಿಗೆ ಚುರುಕಾಗಿದೆ ಎಂದು ಖುಷಿಪಟ್ಟೆ. ಎರಡನೇ ದಿನ ಸಣ್ಣಿ ಊಟದ ಹಾಲಿನ ಮೇಜುಗಳಿಂದ ಉಪ್ಪಿನ ಬಾಟಲಿಗಳನ್ನು ತಂದು ತುಂಬುತ್ತಿದ್ದಳು. ಅದು ಸೋಮವಾರ ಸೋಮವಾರ ಮಾಡುವ ಕೆಲಸ. ಇವತ್ತು ಬುಧವಾರ, ದಿನ ಮರೆತುಹೋಯಿತಾ ಎಂದು ಗದರಿದೆ. ಅವಳು ತಲೆ ಎತ್ತಿ ನನ್ನನ್ನು ನೋಡಿ, ಮುಂದಿನ ಬಾಟಲಿಗೆ ಉಪ್ಪು ಸುರಿದಳು.

ಹನ್ನೊಂದು ಗಂಟೆಗೆ ನನ್ನ ಊಟದ ಹೊತ್ತು. ಹಂಡೆಯಿಂದ ನನ್ನ ನಾಲ್ಕು ಚಮಚ ಮೊದಲೇ ತೆಗೆದುಕೊಂಡು, ಹಿಸುಕಿ, ಉಗ್ರಾಣದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಸುತ್ತ ಬೇಳೆ ಮೂಟೆ, ಈರುಳ್ಳಿ ಬುಟ್ಟಿ, ಎಣ್ಣೆ ಡಬ್ಬ. ಮುನ್ನೂರು ಜನರ ಒಂದು ವಾರದ ಊಟದ ನಡುವೆ ಕೂತು ಮಗುವಿನ ಬಟ್ಟಲು ಹಿಡಿದು ಎಣಿಸುತ್ತಿದ್ದೆ. ಮೊದಲಾದರೆ ಕೆಲಸಗಾರರ ಜೊತೆ ಹಾಲಿನಲ್ಲೇ ಕೂತು ತಟ್ಟೆ ತುಂಬ ಉಣ್ಣುತ್ತಿದ್ದೆ. ಲೇಥ್ ಯಂತ್ರದ ತಾತ ನನ್ನ ಪಕ್ಕದಲ್ಲಿ ಜಾಗ ಹಿಡಿದಿಡುತ್ತಿದ್ದರು. ಎರಡು ಜನರ ಜಾಗ ಹಿಡಿಯಬೇಕಪ್ಪ ನಿನಗೆ ಎಂದು ರೇಗಿಸುತ್ತಿದ್ದರು. ಈಗ ಅಲ್ಲಿ ಬೇರೆ ಯಾರೋ ಕೂರುತ್ತಾರೆ. ಅರ್ಧ ಜನರ ಜಾಗ ಹಿಡಿದಿಡು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.

ದಿನಗಳು ಹಾಗೆ ಸಾಗಿದವು. ಊಟದ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ. ತಟ್ಟೆಗಳು ಖಾಲಿಯಾಗಿ ಬರುತ್ತಿದ್ದವು. ಮೂರು ವಾರ ಕಳೆದಾಗ ಪರೀಕ್ಷೆ ಪಾಸಾಯಿತು ಎಂದೇ ನಾನು ಲೆಕ್ಕ ಹಾಕಿದ್ದೆ.

ಇಪ್ಪತ್ತೆರಡನೇ ದಿನ ಎರಡನೇ ಚಮಚವೇ ಎದೆಯಲ್ಲಿ ನಿಂತುಬಿಟ್ಟಿತು. ಅವಸರದಲ್ಲಿ ಹತ್ತು ಸಲವೂ ಅಗಿದಿರಲಿಲ್ಲ. ಕಕ್ಕಲು ನಲ್ಲಿಯ ಕಡೆ ಓಡಿ ಬಂದೆ. ಬಾಗಿಲಲ್ಲೇ ನಿಂತೆ. ಸಣ್ಣಿ ಒಂದು ಮಣೆಯ ಮೇಲೆ ಹತ್ತಿ ನನ್ನ ಹಂಡೆಯ ಮುಂದೆ ನಿಂತಿದ್ದಳು. ಒಂದು ಕೈಯಲ್ಲಿ ನನ್ನ ಸೌಟು, ಇನ್ನೊಂದು ಕೈಯಲ್ಲಿ ಹಿಡಿ ತುಂಬ ಉಪ್ಪು. ತರಕಾರಿಯ ಇಬ್ಬರೂ ಹಾಲಿನಲ್ಲಿ ತಟ್ಟೆ ಜೋಡಿಸುತ್ತಿದ್ದರು. ಯಾರೂ ನೋಡುತ್ತಿಲ್ಲ ಎಂಬ ಧೈರ್ಯದಲ್ಲಿ ಅವಳು ಉಪ್ಪನ್ನು ಸುರಿದು ನಿಧಾನವಾಗಿ ತಿರುವುತ್ತಿದ್ದಳು.

ನನ್ನ ಮೈಯೆಲ್ಲ ಉರಿಯಿತು. ಹೋಗಿ ಅವಳ ಕೈ ಹಿಡಿದೆಳೆದೆ. ಉಳಿದ ಉಪ್ಪು ನೆಲಕ್ಕೆ ಬಿತ್ತು. ಅಂಗೈಗೆ ನಾಲ್ಕು ಹನಿ ಬಿಟ್ಟುಕೊಂಡು ನೆಕ್ಕಿದರೆ ಬಾಯಲ್ಲಿ ಇಡಲಾಗದಷ್ಟು ಉಪ್ಪು. ಎಷ್ಟು ದಿನದಿಂದ ಹೀಗೆ ಮಾಡುತ್ತಿದ್ದೀಯ ಎಂದು ಕೇಳಿದೆ. ಅವಳು ಮಣೆಯಿಂದ ಇಳಿದಳು. ಆ ಬದಲಿಯವನು ಹೇಳಿಕೊಟ್ಟನಾ ಎಂದೆ. ಅವಳು ಬಗ್ಗಿ ನೆಲದ ಉಪ್ಪು ಬಳಿದಳು. ಹನ್ನೊಂದು ವರ್ಷ ಉಣ್ಣಿಸಿದ ಕೈಯನ್ನೇ ಕಚ್ಚಿದೆ ಎಂದೆ. ಇನ್ನೂ ಏನೇನೋ ಹೇಳಿದೆ, ಅದನ್ನೆಲ್ಲ ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಅವಳು ಸೌಟನ್ನು ತೊಳೆದು, ಅದರ ಮೊಳೆಗೆ ನೇತುಹಾಕಿ, ನಲ್ಲಿಯ ಕಡೆ ಹೋದಳು.

ನಾನು ಆ ಸೂಪಿನದೇ ಒಂದು ಬಟ್ಟಲು ಬಗ್ಗಿಸಿಕೊಂಡು ಮ್ಯಾನೇಜರ ಕೋಣೆಗೆ ಹೋದೆ. ಬಟ್ಟಲನ್ನು ಮೇಜಿನ ಮೇಲೆ ಕುಕ್ಕಿ, ಇದೇ ಸಾಕ್ಷಿ, ನೀವೇ ಕುಡಿದು ನೋಡಿ, ಅವಳನ್ನು ನನ್ನ ಅಡುಗೆಮನೆಯಿಂದ ಕಳಿಸಿ ಎಂದೆ. ಅವರು ಒಂದು ಗುಟುಕು ಕುಡಿದರು. ನನ್ನ ಮುಖ ನೋಡಿದರು. ಇನ್ನೊಂದು ಗುಟುಕು ಕುಡಿದರು. ನಾನು ಹತ್ತು ನಿಮಿಷ ಕೂಗಾಡುತ್ತಿದ್ದಷ್ಟು ಹೊತ್ತೂ ಅವರು ಬಟ್ಟಲನ್ನು ಬಾಯಿಗೆತ್ತುತ್ತಲೇ ಇದ್ದರು. ಕೊನೆಗೆ ಬಾಯಿ ಒರೆಸಿಕೊಂಡು, "ಪ್ಯಾಕಿಂಗಲ್ಲಿ ಒಬ್ಬರು ಬೇಕಾಗಿತ್ತು, ಅವಳನ್ನ ಅಲ್ಲಿಗೆ ಹಾಕ್ತೀನಿ. ನೀವು ಸಮಾಧಾನ ಮಾಡ್ಕೊಳಿ" ಎಂದರು. ಗೆದ್ದೆ ಎಂದುಕೊಂಡು ಬಟ್ಟಲು ಎತ್ತಿಕೊಂಡು ಬಂದೆ. ಅದು ತಳ ಕಾಣುವಂತೆ ಖಾಲಿಯಾಗಿತ್ತು. ಕೋಪದಲ್ಲಿ ನನಗೆ ಅದು ಕಣ್ಣಿಗೆ ಬಿದ್ದರೂ ತಲೆಗೆ ಹೋಗಲಿಲ್ಲ.

ಮರುದಿನ ಹಂಡೆಗಳು ಪೂರ್ತಿ ನನ್ನವು. ಅಂಗೈ ನೆಕ್ಕಿ ನೆಕ್ಕಿ, ನನ್ನ ಮನಸ್ಸಿಗೆ ಒಪ್ಪುವಷ್ಟೇ ಉಪ್ಪು ಹಾಕಿ ಇಳಿಸಿದೆ. ಇಂಥ ಹದ ವರ್ಷಕ್ಕೊಂದು ಸಲ ಬರುತ್ತದೆ ಎನ್ನಿಸಿತು. ಆ ಖುಷಿಯಲ್ಲಿ, ಮರಳಿದ ಮೇಲೆ ಮೊದಲ ಸಲ, ಬಡಿಸುವ ಕಿಂಡಿಯ ಹಿಂದೆ ನಿಂತು ಜನ ಉಣ್ಣುವುದನ್ನು ನೋಡಿದೆ.

ಲೇಥ್ ತಾತ ಒಂದು ಚಮಚ ಕುಡಿದರು. ತಲೆ ಎತ್ತದೆ ಉಪ್ಪಿನ ಬಾಟಲಿಗೆ ಕೈ ಚಾಚಿದರು. ಅಲುಗಿಸಿ ಅಲುಗಿಸಿ ಹಾಕಿಕೊಂಡು ಪಕ್ಕದವನಿಗೆ ಕೊಟ್ಟರು. ಅವನು ಹಾಕಿಕೊಂಡು ಎದುರಿನವಳಿಗೆ ದಾಟಿಸಿದ. ಆ ಮೇಜಿನ ಬಾಟಲಿ ಖಾಲಿಯಾದಾಗ ಒಬ್ಬ ಎದ್ದು ಹಿಂದಿನ ಮೇಜಿನಿಂದ ಇನ್ನೊಂದು ತಂದ. ನಲವತ್ತು ಮೇಜು. ಎಲ್ಲ ಮೇಜಿನಲ್ಲೂ ಅದೇ. ಕೈಯಿಂದ ಕೈಗೆ, ಕೈಯಿಂದ ಕೈಗೆ. ಯಾರೂ ಮುಖ ಸಿಂಡರಿಸಲಿಲ್ಲ, ಯಾರೂ ಗೊಣಗಲಿಲ್ಲ. ಕಾಯಿಲೆಯವರ ಕೋಣೆಯಲ್ಲಿ ಜನ ಮೆಲ್ಲಗೆ ನಡೆಯುತ್ತಾರಲ್ಲ, ಹಾಗೆ ಮೆಲ್ಲಗೆ ಅಲುಗಿಸುತ್ತಿದ್ದರು.

ತಾತ ತಟ್ಟೆ ಇಡಲು ಬಂದಾಗ ಅದರಲ್ಲಿ ಅರ್ಧ ಹಾಗೇ ಇತ್ತು. ಊಟ ಹೇಗಿತ್ತು ಎಂದು ಕೇಳಿದೆ. ಅವರು ಕಿಂಡಿಯೊಳಗೆ ಬಗ್ಗಿ ನಕ್ಕರು.

"ನೀನು ಹುಷಾರಾಗಿ ಬಂದ್ಯಲ್ಲ ದೊಡ್ಡಮ್ಮ, ನಮಗೆ ಅಷ್ಟೇ ಸಾಕು."

ಬೈದಿದ್ದರೆ ನಾನು ಎದುರು ಬೈದು ಹಗುರಾಗುತ್ತಿದ್ದೆ. ಉಗ್ರಾಣಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಬೇಳೆ ಮೂಟೆಯ ಮೇಲೆ ಕೂತೆ. ಮ್ಯಾನೇಜರ ಖಾಲಿ ಬಟ್ಟಲು ಆಗ ತಲೆಗೆ ಹೋಯಿತು. ಬುಧವಾರದ ಉಪ್ಪಿನ ಬಾಟಲಿಗಳು ತಲೆಗೆ ಹೋದವು. ಮೊದಲ ಎರಡು ದಿನದ ಸಪ್ಪೆ ಊಟವನ್ನು ನೋಡಿ, ಮೂರನೇ ದಿನದಿಂದ, ನಾನು ಬಾಗಿಲು ಹಾಕಿಕೊಂಡು ಎಣಿಸುತ್ತಿದ್ದ ಅರ್ಧ ಗಂಟೆಯಲ್ಲಿ, ಸಣ್ಣಿ ನನ್ನ ಕೆಲಸವನ್ನು ಉಳಿಸುತ್ತಿದ್ದಳು. ತರಕಾರಿಯವರಿಗೂ ಗೊತ್ತಿದ್ದಿರಬೇಕು. ಮ್ಯಾನೇಜರಿಗೂ ಅಂದಾಜಿತ್ತು. ಊರಿಗೆಲ್ಲ ಗೊತ್ತಿದ್ದದ್ದು ನನಗೊಬ್ಬಳಿಗೆ ಗೊತ್ತಿರಲಿಲ್ಲ. ಪಥ್ಯದ ಹುಡುಗಿಯ ಹಾಳೆಯಲ್ಲಿ ಕೊನೆಯ ಸಾಲು ಒಂದಿತ್ತು: ಕೆಲವರಿಗೆ ರುಚಿ ಬದಲಾಗಬಹುದು. ಆ ಕೆಲವರಲ್ಲಿ ನಾನಿರಬಹುದು ಎಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಮೂಟೆಯ ಮೇಲೆ ಕೂತು ಜೋರಾಗಿಯೇ ಅತ್ತೆ. ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಹತ್ತೂಮುಕ್ಕಾಲಿಗೆ, ಒಂದು ಮುಚ್ಚಳದ ಲೋಟದಲ್ಲಿ ಸೂಪು ಹಿಡಿದು ಅಂಗಳ ದಾಟಿದೆ. ಪ್ಯಾಕಿಂಗ್ ವಿಭಾಗದಲ್ಲಿ ಪ್ರತಿ ಬೀಗಕ್ಕೆ ಎರಡು ಕೀಲಿ ಎಣಿಸಿ ಉಂಗುರಕ್ಕೆ ಪೋಣಿಸುತ್ತಾರೆ. ಎಣಿಕೆ ತಪ್ಪುತ್ತದೆಂದು ಕೆಲಸದ ಹೊತ್ತಿನಲ್ಲಿ ಮಾತು ನಿಷೇಧ. ತಿಂಡಿ ತೀರ್ಥ ಒಳಗೆ ತರುವ ಹಾಗಿಲ್ಲ. ಕಿಟಕಿಯಿಂದ ನೋಡಿದೆ. ಸಣ್ಣಿ ಫ್ಯಾನಿನ ಕೆಳಗೆ, ಬೆನ್ನಿಗೆ ಆನಿಕೆ ಇರುವ ಕುರ್ಚಿಯಲ್ಲಿ ಕೂತಿದ್ದಳು. ಅವಳು ಕುರ್ಚಿಯಲ್ಲಿ ಕೂತಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಕೈಗಳು ಒಣಗಿದ್ದವು. ಹನ್ನೊಂದು ವರ್ಷ ಸೋಪಿನ ನೀರಿನಲ್ಲಿ ನೆನೆದು ಬಿರಿದ ಬೆರಳುಗಳಿಗೆ ಯಾರೋ ಎಣ್ಣೆ ಹಚ್ಚಿದ್ದರು, ಅಥವಾ ಅವಳೇ ಹಚ್ಚಿಕೊಂಡಿದ್ದಳು. ವಾಪಸು ಬಾ ಎಂದು ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಆ ಬೆರಳು ನೋಡಿದ ಮೇಲೆ ಅದನ್ನು ಕೇಳಲು ಮನಸ್ಸಾಗಲಿಲ್ಲ.

ಚಹಾದ ಬಿಡುವಿನ ಗಂಟೆ ಹೊಡೆಯುವವರೆಗೆ ಕಾದೆ. ಅವಳು ಕಿಟಕಿಯ ಹತ್ತಿರ ಬಂದಳು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ನನಗೆ ಗೊತ್ತು. ಆದರೂ ಹೇಳಬೇಕಾದ್ದನ್ನು ಹೇಳಿದೆ.

"ಸಣ್ಣಿ, ನನ್ನ ನಾಲಿಗೆ ಹೋಗಿದೆ."

"ಗೊತ್ತು," ಎಂದಳು.

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಂಬ್ತಿದ್ರಾ?"

ನಂಬುತ್ತಿರಲಿಲ್ಲ. ಸೌಟು ಎತ್ತುತ್ತಿದ್ದೆ. ಹನ್ನೊಂದು ವರ್ಷ ಬೈಸಿಕೊಂಡವಳು ನನ್ನ ಕೆಲಸ ಉಳಿಸಲು ಯಾಕೆ ಹೋದೆ ಎಂದು ಕೇಳಿದೆ. ಇಷ್ಟು ಸುಲಭದ ವಿಷಯ ನನಗೆ ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ಆಶ್ಚರ್ಯವಾದ ಹಾಗಿತ್ತು.

"ತಳದಲ್ಲಿ ಮೆತ್ತಗೆ ಬೆಂದಿದ್ದನ್ನ ನನಗೆ ತೆಗೆದಿಡ್ತಿದ್ರಲ್ಲ. ಬೈತಾನೇ ತೆಗೆದಿಡ್ತಿದ್ರಿ, ಆದ್ರೆ ಒಂದು ದಿನವೂ ತಪ್ಪಿಸಲಿಲ್ಲ. ಆ ತಕ್ಕಡಿಯವನು ಬಂದ್ಮೇಲೆ ಮೂರು ತಿಂಗಳು ನಾನು ಗಟ್ಟಿ ಅನ್ನ ನುಂಗಿದ್ದೀನಿ."

ನಾನು ತೆಗೆದಿಡುತ್ತಿದ್ದೆನೇ? ಇದ್ದಿರಬೇಕು. ಹಲ್ಲಿಲ್ಲದವಳಿಗೆ ತಳದ ಮೆತ್ತಗಿನದು ಹಾಕಬೇಕೆಂಬುದು ಕೈಗೆ ತಾನಾಗಿ ಬಂದ ಕೆಲಸ, ಅದನ್ನು ಯಾರೂ ಉಪಕಾರವೆಂದು ಎಣಿಸುವುದಿಲ್ಲ. ನಾನು ಮುಚ್ಚಳ ತೆಗೆದು ಲೋಟವನ್ನು ಕಿಟಕಿಯ ಸರಳುಗಳ ನಡುವೆ ಚಾಚಿದೆ. ಅವಳು ಲೋಟ ಮುಟ್ಟಲಿಲ್ಲ, ಎಡ ಅಂಗೈ ಒಡ್ಡಿದಳು. ನನ್ನ ಹಾಗೆಯೇ. ಎಷ್ಟು ವರ್ಷ ನೋಡಿ ನೋಡಿ ಕಲಿತಿದ್ದಳೋ. ನಾಲ್ಕು ಹನಿ ಬಿಟ್ಟೆ. ನೆಕ್ಕಿದಳು, ಕಣ್ಣು ಮುಚ್ಚಿದಳು. ಅಷ್ಟರಲ್ಲಿ ಬಿಡುವು ಮುಗಿದ ಗಂಟೆ ಹೊಡೆಯಿತು. ಇನ್ನು ಮಾತಾಡುವ ಹಾಗಿರಲಿಲ್ಲ. ಅವಳು ಕುರ್ಚಿಗೆ ಮರಳುತ್ತ, ತಿರುಗಿ ನೋಡದೆ, ಭುಜದ ಮೇಲಿಂದ ಎರಡು ಬೆರಳು ಎತ್ತಿದಳು. ಎರಡು ಹಿಡಿ.

ಎರಡು ಹಿಡಿ ಹಾಕಿದೆ. ಅಂಗೈ ನೆಕ್ಕಿದರೆ ನನಗೆ ಬಾಯಿ ಉರಿಯಿತು. ಕಣ್ಣು ಮುಚ್ಚಿಕೊಂಡು ಬಡಿಸಲು ಕಳಿಸಿದೆ. ತಾತ ಎರಡನೇ ಸಲ ಬಡಿಸಿಕೊಂಡರು.

ತಿಂಗಳು ಮುಗಿದ ದಿನ ಮ್ಯಾನೇಜರಿಗೆ ನಾನೇ ಎಲ್ಲ ಹೇಳಿದೆ. ನಾಲಿಗೆ ಕೆಟ್ಟಿದೆ, ಉಪ್ಪು ನನ್ನದಲ್ಲ, ಸಣ್ಣಿಯದು ಎಂದೆ. ಅವರು ಪೆನ್ನು ತಿರುಗಿಸುತ್ತ, ಇನ್ನೊಂದು ತಿಂಗಳು ನೋಡೋಣ ಎಂದರು. ಆ ಮನುಷ್ಯ ನನ್ನ ಹೆಣವನ್ನು ನೋಡಿದರೂ ಇನ್ನೊಂದು ತಿಂಗಳು ನೋಡೋಣ ಎನ್ನುತ್ತಾರೆ. ರುಚಿ ಮರಳಿ ಬರಬಹುದು, ಬಾರದೆಯೂ ಇರಬಹುದು ಎಂದು ಪಥ್ಯದ ಹುಡುಗಿ ಹೇಳಿದ್ದಾಳೆ. ಅವಳ ದೀಪವೂ ಅಡ್ಡಗೋಡೆಯ ಮೇಲೇ ಇದೆ.

ಮನೆಯಲ್ಲಿ ಬಟ್ಟಲು ಈಗಲೂ ನನ್ನ ಕೋಣೆಗೇ ಬರುತ್ತದೆ. ಹಿಂದಿನ ಬಾಗಿಲಿನ ಮರದ ಪೆಟ್ಟಿಗೆ ಖಾಲಿ ಇದೆ. ಉಗ್ರಾಣ ಬಿಟ್ಟು ಈಗ ನಾನು ಅದರ ಮೇಲೆ ಕೂತು ಉಣ್ಣುತ್ತೇನೆ. ನಾಲ್ಕು ಚಮಚ, ಅರ್ಧ ಗಂಟೆ. ಸಣ್ಣಿಯೂ ಇಷ್ಟೇ ನಿಧಾನ ಉಣ್ಣುತ್ತಿದ್ದಳು. ನನ್ನ ಜೊತೆ ಕೂತು ನನ್ನಷ್ಟೇ ಹೊತ್ತು ಅಗಿಯಬಲ್ಲವಳು ಈ ಲೋಕದಲ್ಲಿ ಅವಳೊಬ್ಬಳೇ ಇದ್ದಳು, ಅವಳನ್ನು ನಾನೇ ಅಂಗಳದ ಆಚೆಗೆ ಅಟ್ಟಿದೆ. ಅವಳ ಊಟ ಈಗ ಪ್ಯಾಕಿಂಗ್ ವಿಭಾಗದವರ ಜೊತೆ, ಹಾಲಿನ ಮೇಜಿನಲ್ಲಿ. ಅವಳ ಬಟ್ಟಲಿಗೆ ತಳದ ಮೆತ್ತಗಿನದನ್ನು ಬೇರೆ ತೆಗೆದು ಕಳಿಸುತ್ತೇನೆ. ಬೈಯಲು ಮಾತ್ರ ಅವಳು ಹತ್ತಿರದಲ್ಲಿಲ್ಲ.

ದಿನವೂ ಹತ್ತೂಮುಕ್ಕಾಲಿಗೆ ಲೋಟ ಹಿಡಿದು ಅಂಗಳ ದಾಟುತ್ತೇನೆ. ಕೆಲಸದ ಹೊತ್ತಾದರೆ ಮಾತಿಲ್ಲ. ಕಿಟಕಿಯ ಪಕ್ಕದ ಕುರ್ಚಿಯನ್ನು ಅವಳು ಕೇಳಿ ತೆಗೆದುಕೊಂಡಿದ್ದಾಳೆ. ಅಂಗೈ ಚಾಚುತ್ತಾಳೆ, ನೆಕ್ಕುತ್ತಾಳೆ, ಬೆರಳು ಎತ್ತುತ್ತಾಳೆ. ಒಂದು, ಎರಡು, ಕೆಲವೊಮ್ಮೆ ಎರಡೂವರೆ ಎಂದು ತೋರಿಸಲು ಮೂರನೆಯದನ್ನು ಅರ್ಧ ಮಡಿಸುತ್ತಾಳೆ. ನಾನು ತಲೆಯಾಡಿಸಿ ಹೊರಡುತ್ತೇನೆ.

ಮೊನ್ನೆ ಹೊರಟವಳನ್ನು ಅವಳು ಕಿಟಕಿಯ ಸರಳಿಗೆ ಕೀಲಿ ತಟ್ಟಿ ನಿಲ್ಲಿಸಿದಳು. ತಿರುಗಿದೆ. ಅವಳು ತನ್ನ ಹೊಟ್ಟೆಯ ಮೇಲೆ ಕೈಯಿಟ್ಟು, ಹುಬ್ಬು ಮೇಲೆತ್ತಿದಳು. ನಿನ್ನೆ ತಿಂದದ್ದು ಹೊಟ್ಟೆಯಲ್ಲಿ ನಿಂತಿತಾ ಎಂದು ಕೇಳುತ್ತಿದ್ದಳು. ಮೂರು ವಾರ ನಾನು ಕಕ್ಕಿದ ನಲ್ಲಿಯ ಬಾನಿಯನ್ನು ಉಜ್ಜಿದವಳು ಅವಳೇ, ಅವಳಿಗೆ ಗೊತ್ತಿಲ್ಲದ್ದೇನಿತ್ತು. ಎಷ್ಟು ಇಳೀತು ಎಂದು ಊರೆಲ್ಲ ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ, ತಮ್ಮನೂ ಕೇಳಿರಲಿಲ್ಲ.

ನಿಂತಿರಲಿಲ್ಲ. ಸುಳ್ಳು ಹೇಳಲು ತಲೆ ಮೇಲೆ ಕೆಳಗೆ ಆಡಿಸಬೇಕಿತ್ತು, ಅಷ್ಟೇ. ಆಡಿಸಲಿಲ್ಲ. ಅಂಗಳದ ನಡುವೆ ಲೋಟ ಹಿಡಿದು ನಿಂತು, ಇಲ್ಲ ಎಂದು ಅಡ್ಡ ಆಡಿಸಿದೆ. ಸಣ್ಣಿ ಬಾಯಿ ತೆರೆದು, ಹಲ್ಲಿಲ್ಲದ ದವಡೆಯನ್ನು ನಿಧಾನವಾಗಿ ಆಡಿಸಿ ತೋರಿಸಿದಳು. ಅವಸರ ಬೇಡ, ಹೀಗೆ, ಇನ್ನೂ ನಿಧಾನ. ನಾನು ಬರಿಬಾಯಲ್ಲಿ ಅವಳ ಜೊತೆಗೇ ಅಗಿದೆ. ಮೂವತ್ತು ಎಣಿಸುವವರೆಗೆ ಅವಳೂ ನಿಲ್ಲಿಸಲಿಲ್ಲ.